ಬಸ್ರಾ ಸಾಹೇಬರ ಕತ್ತಲೆಕೋಣೆ

ಅವತ್ತು ಸಂಜೆ ಕಲ್ಕತ್ತಾದ ಡಮ್ ಡಮ್‌ನ ನಮ್ಮ ಮನೆಯ ಹಾಲಿನಲ್ಲಿದ್ದವರು ನಾಲ್ಕೇ ಜನ. ಕುರ್ಚಿಯ ತುದಿಯಲ್ಲಿ ಕೂತು ಒಂದೇ ಸಮನೆ ಕಾಲು ಅಲ್ಲಾಡಿಸುತ್ತಿದ್ದ ಸೆಕ್ರೆಟರಿ ದಾದಾ, ದಾದಾ ಅಂದರೆ ಅಲ್ಲಿ ಅಣ್ಣ, ನಮ್ಮ ಹೌಸಿಂಗ್ ಕಾಲೊನಿಯ ಪೂಜಾ ಕಮಿಟಿಯವರು. ದಿವಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಎದುರುಮನೆಯ ಚಾಚಾ. ಕೋಡುಬಳೆ ತಟ್ಟೆ ಹಿಡಿದು, ಮಾತಿನ ನಡುವೆ ಎಲ್ಲಿ ನುಗ್ಗುವುದೆಂದು ತಿಳಿಯದೆ ನಿಂತೇ ಇದ್ದ ಅಮ್ಮ. ಆಮೇಲೆ ನಾನು, ಆಫೀಸಿನ ಬಸ್ಸಿಳಿದು ಬಂದು ಹೆಗಲ ಬ್ಯಾಗನ್ನೂ ಇಳಿಸದವಳು. ಅಪ್ಪನಿಗೆ ಆಗ ಖರಗ್‌ಪುರದಲ್ಲಿ ರೈಲ್ವೆ ಡ್ಯೂಟಿ, ಮನೆಯಲ್ಲಿ ಮುಖ ಕಾಣುತ್ತಿದ್ದದ್ದು ಶನಿವಾರಕ್ಕೊಮ್ಮೆ.

ಮಾತು ನಡೆದದ್ದು ಪ್ಯಾಂಡಲಿನ ಬಗ್ಗೆ. ಆಗ ಕಲ್ಕತ್ತಾಕ್ಕೆ ಥೀಮಿನ ಹುಚ್ಚು ಹಿಡಿದಿದ್ದ ಕಾಲ. ದುರ್ಗಾಪೂಜೆಗೆ ಬಟ್ಟೆ, ಬಿದಿರು, ಝಗಮಗ ದೀಪ ಇಷ್ಟಿದ್ದರೆ ಯಾರಿಗೂ ಸಾಲದು. ಒಂದು ಪಾಡಾದವರು, ಪಾಡಾ ಅಂದರೆ ನಮ್ಮ ಕಡೆಯ ಕೇರಿ ಅನ್ನಿ, ಮಣ್ಣಿನ ಕುಡಿಕೆಯಲ್ಲೇ ಇಡೀ ಪ್ಯಾಂಡಲ್ ಕಟ್ಟಿದರೆ, ಪಕ್ಕದ ಪಾಡಾದವರು ಬಿಸ್ಕತ್ತಿನಲ್ಲಿ ಕಟ್ಟಿ ತೋರಿಸಬೇಕು. ನಮ್ಮ ಕಮಿಟಿ ಆ ವರ್ಷ ಹಿಡಿದದ್ದು ಕಂಪ್ಯೂಟರನ್ನು. ಸಾಫ್ಟ್‌ವೇರ್ ಕಂಪನಿಗಳ ಸೆಕ್ಟರ್ ಫೈವ್‌ನಲ್ಲಿ ಕಣ್ಣು ಬಿಟ್ಟು ಮುಚ್ಚುವಷ್ಟರಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಮೆಟ್ಟಿಲಲ್ಲೂ ಕೊರಳಿಗೆ ಗುರುತಿನ ಬಿಲ್ಲೆ ನೇತುಹಾಕಿಕೊಂಡು ಓಡುವವರು ಹೆಚ್ಚಿದ್ದರು, ಅವರಲ್ಲಿ ನಾನೂ ಒಬ್ಬಳು. ಕೆಟ್ಟ ಸಿಡಿಗಳಿಂದ ಪ್ಯಾಂಡಲಿನ ಹೊರಮೈಯೆಲ್ಲ ಮುಚ್ಚಿಬಿಟ್ಟರೆ ಹೇಗೆ ಅಂತ ಕಮಿಟಿಯ ಲೆಕ್ಕಾಚಾರ. ನನ್ನ ಆಫೀಸಿನಲ್ಲಿ ಬಿಸಾಡುವ ಸಿಡಿ ಮೂಟೆಗಟ್ಟಲೆ ಬಿದ್ದಿತ್ತು. ಅದನ್ನು ಕೇಳಲೆಂದೇ ದಾದಾ ಬಂದದ್ದು. ಕೇಳಿ ತರುತ್ತೇನೆ ಅಂದೆ. ಅವರು ಎದ್ದು ನಿಂತದ್ದೂ ಆಯಿತು. ಆಗ ಚಾಚಾ, ನನ್ನದೂ ಒಂದು ಮಾತಿದೆ, ಕೂತು ಕೇಳಿ ಅಂದರು.

ಈ ಚಾಚಾ ಹುಬ್ಬಳ್ಳಿಯವರು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು, ನಿವೃತ್ತರಾದ ಮೇಲೂ ಇಲ್ಲೇ ಬೇರು ಬಿಟ್ಟವರು. ನಾನು ಹುಟ್ಟಿದ್ದು ಕಲ್ಕತ್ತಾದಲ್ಲಿ, ಓದಿದ್ದು ಇಂಗ್ಲಿಷು, ಬೀದಿಯಲ್ಲಿ ಆಡಿದ್ದು ಬಂಗಾಳಿ. ನನ್ನ ಕನ್ನಡವೆಲ್ಲ ಹಿರಿಯರ ಬಾಯಿಂದ ಕಿವಿಗೆ ಬಿದ್ದದ್ದು. ಅರ್ಧ ಅಮ್ಮನ ಮೈಸೂರಿನದು, ಅರ್ಧ ಈ ಚಾಚಾನದು. ಅಮ್ಮ 'ಹೋಗ್ಬಿಟ್ಟು ಬಾ' ಅಂದರೆ ಅವರು 'ಹೋಗಿ ಬಾರವಾ' ಅನ್ನುತ್ತಿದ್ದರು. ಎರಡೂ ನನಗೆ ಒಂದೇ ತಟ್ಟೆಯ ಊಟ.

ಚಾಚಾನಿಗೆ ಒಬ್ಬ ಮನುಷ್ಯನ ಮೇಲೆ ಪ್ರೀತಿ. ಆ ಮನುಷ್ಯ ಸತ್ತು ಸುಮಾರು ಸಾವಿರ ವರ್ಷವಾಗಿದೆ. ಬಸ್ರಾದಲ್ಲಿ ಹುಟ್ಟಿದ ಅರಬ್ಬೀ ಪಂಡಿತ. ನೈಲ್ ನದಿಯ ನೀರಿಗೆ ಕಡಿವಾಣ ಹಾಕುತ್ತೇನೆ ಅಂತ ಜಂಬ ಕೊಚ್ಚಿದನಂತೆ, ಈಜಿಪ್ತಿನ ದೊರೆ ಹಾಗಾದರೆ ಬಾ ಅಂತ ಕರೆಸಿಕೊಂಡನಂತೆ. ಹೋಗಿ ನದಿ ನೋಡಿದಾಗ ತನ್ನ ಕೈಲಾಗದ ಕೆಲಸ ಅಂತ ತಿಳಿಯಿತು. ದೊರೆಯೋ ಮುಂಗೋಪಿ. ತಲೆ ಉಳಿಸಿಕೊಳ್ಳಲು ಹುಚ್ಚನ ಹಾಗೆ ನಟಿಸಿದ, ಆ ದೊರೆ ಸಾಯುವ ತನಕ ಅವನನ್ನು ಮನೆಯಲ್ಲೇ ಕೂಡಿಹಾಕಿದ್ದರು ಅಂತ ಕಥೆ. ನಿಜವೋ ಸುಳ್ಳೋ, ಬೆಳಕಿನ ಬಗ್ಗೆ ಅವನು ಯೋಚಿಸಿದ್ದಂತೂ ನಿಜ. ಅವನಿಗಿಂತ ಮುಂಚೆ ದೊಡ್ಡ ದೊಡ್ಡವರು ಕೂಡ, ಕಣ್ಣಿನಿಂದ ಏನೋ ಕಿರಣ ಹೊರಟು ಹೋಗಿ ವಸ್ತುವನ್ನು ಮುಟ್ಟುತ್ತದೆ, ಅದಕ್ಕೇ ಕಾಣುತ್ತದೆ ಅಂದುಕೊಂಡಿದ್ದರು. ಹಾಗಲ್ಲ, ಬೆಳಕು ಹೊರಗಿಂದ ನಮ್ಮ ಕಣ್ಣೊಳಕ್ಕೆ ಬರುತ್ತದೆ ಅಂತ ಇವನು ಪರೀಕ್ಷೆ ಮಾಡಿ ತೋರಿಸಿದ. ಕತ್ತಲೆಕೋಣೆಗೆ ಸಣ್ಣ ತೂತಿನಿಂದ ಬೆಳಕು ಬಿಟ್ಟು ನೋಡಿದ. ಸಿಗ್ನಲ್ ದೀಪದ ಗಾಜು ಒರೆಸುತ್ತಾ ಆಯುಷ್ಯ ಕಳೆದ ಚಾಚಾನಿಗೆ ಅವನು ತಮ್ಮದೇ ವಿಭಾಗದ ಹಿರಿಯ ಅಧಿಕಾರಿಯ ಹಾಗೆ. ಅವನ ಉದ್ದದ ಹೆಸರು ನಮ್ಮ ಪಾಡಾದ ಯಾರ ನಾಲಿಗೆಗೂ ಒಗ್ಗಲಿಲ್ಲ. ಕೊನೆಗೆ 'ಬಸ್ರಾ ಸಾಹೇಬ' ಅಂತಲೇ ಆಯಿತು.

ಚಾಚಾ ಕೇಳಿದ್ದು ಇಷ್ಟು. ಪ್ಯಾಂಡಲಿನ ಬಾಗಿಲಿಗೂ ದೇವಿಗೂ ನಡುವೆ, ಜನ ಹಾದುಹೋಗುವ ದಾರಿಯಲ್ಲಿ, ಕಪ್ಪು ಬಟ್ಟೆಯ ಒಂದು ಕೋಣೆ. ಬೀದಿಯ ಕಡೆ ಗೋಡೆಗೆ ಒಂದು ತೂತು, ಎದುರಿಗೆ ಬಿಳಿ ಬಟ್ಟೆ. ಬೀದಿಯೆಲ್ಲ ಬಟ್ಟೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬಾಗಿಲಲ್ಲಿ ಬಸ್ರಾ ಸಾಹೇಬನ ಬಗ್ಗೆ ನಾಲ್ಕು ಸಾಲಿನ ಬೋರ್ಡು.

ಅಮ್ಮನಿಗೆ ನಗು ಬಂತು. "ಸಾಹೇಬ್ರೇ, ಜನ ಬರೋದು ಲೈಟು ನೋಡಕ್ಕೆ. ನೀವು ಕತ್ತಲೆ ತೋರಿಸ್ತೀನಿ ಅಂತೀರಲ್ಲ."

"ಚಂದ್ರನ ಮ್ಯಾಲ ಅವನ ಹೆಸರಿನ ಒಂದು ಗುಂಡಿ ಐತ್ರಿ ಅಕ್ಕಾರ," ಅಂದರು ಚಾಚಾ. "ಡಮ್ ಡಮ್‌ದಾಗ ಒಂದು ಖೋಲಿ ಸಿಗಬಾರದೇನು?"

ಆಮೇಲೆ ನಗು ಬಿಟ್ಟು, ಸೆಕ್ರೆಟರಿ ದಾದಾಗೆ ತಿಳಿಯಬಾರದೆಂದೋ ಏನೋ, ಕನ್ನಡದಲ್ಲೇ ಅಮ್ಮನಿಗೆ ಹೇಳಿದರು. ಇರಾಕಿನ ಯುದ್ಧ ಮನೆಮನೆಯ ಟಿವಿಯಲ್ಲಿ ಓಡುತ್ತಿದ್ದ ವರ್ಷಗಳು ಅವು. "ಬಸ್ರಾ ಅಂದ್ರ ನಮ್ಮ ಮಂದಿಗೆ ಬಾಂಬ್ ಒಂದಽ ಗೊತ್ತೈತಿ. ಇಷ್ಟು ವರ್ಷ ನಾ ಈ ಪಾಡಾದಾಗ ಏನೂ ಕೇಳಿದಾಂವಲ್ಲ. ಆ ಊರಾಗ ಒಬ್ಬ ಶಾಣ್ಯಾ ಮನಶ್ಯಾ ಹುಟ್ಟಿದ್ದ ಅಂತ ನಾಕ ಮಂದಿ ನಿಂತು ನೋಡ್ಲಿ. ಇಷ್ಟಽ ನನ್ನ ಆಸೆ."

ಅಮ್ಮ ನಗುವುದನ್ನು ನಿಲ್ಲಿಸಿ ಕೋಡುಬಳೆ ತಟ್ಟೆಯನ್ನು ಮೊದಲು ಅವರ ಮುಂದೆ ಹಿಡಿದಳು.

ಸೆಕ್ರೆಟರಿ ದಾದಾ ಕೆಟ್ಟವರಲ್ಲ, ಅವಸರದವರು. ಹೊರಗೆ ಸಿಡಿ, ಒಳಗೆ ಕತ್ತಲೆ, ಎರಡೂ ಇರಲಿ, ಹೊಸದಾಗಿರುತ್ತದೆ ಅಂದರು. ಚಾಚಾ ಮಾರನೆಯ ದಿನವೇ ಊರಿನ ಆ ತುದಿಯ ಗರಿಯಾಹಾಟ್ ಮಾರ್ಕೆಟ್ಟಿನ ತನಕ ಹೋಗಿ ದಪ್ಪನೆಯ ಕಪ್ಪು ಬಟ್ಟೆ ಹುಡುಕಿ ತಂದರು. ಹತ್ತಿರದ ಅಂಗಡಿಯ ಬಟ್ಟೆ ಸೂರ್ಯನಿಗೆ ಹಿಡಿದರೆ ಬೆಳಕು ಸೋರುತ್ತದಂತೆ, ತೂತು ಛತ್ರಿಯ ಹಾಗೆ.

ಪೂಜೆಗೆ ಮುಂಚಿನ ಭಾನುವಾರ ಮಧ್ಯಾಹ್ನ ಕಮಿಟಿಯವರನ್ನೆಲ್ಲ ಒಳಗೆ ಕೂರಿಸಿ ತೋರಿಸಿದರು. ಅದನ್ನು ನಾನು ಮರೆಯುವ ಹಾಗಿಲ್ಲ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಿಳಿ ಬಟ್ಟೆಯ ಮೇಲೆ ನಮ್ಮ ಗಲ್ಲಿ ತೇಲಿ ಬಂತು, ಬಣ್ಣ ಸಮೇತ. ಸೈಕಲ್ ರಿಕ್ಷಾದ ಚಕ್ರ ಆಕಾಶದಲ್ಲಿ, ಮಂಡಕ್ಕಿ ಮಾರುವವನ ತಲೆ ಕೆಳಗೆ, ಅವನ ಡಬ್ಬ ಮೇಲೆ, ಒಂದು ಕಾಳೂ ಚೆಲ್ಲುತ್ತಿಲ್ಲ. ನಮ್ಮ ಮೂರನೇ ಮಹಡಿಯಲ್ಲಿ ಒಣಗಹಾಕಿದ ಸೀರೆ ನೆಲದ ಹತ್ತಿರ ಹಾರುತ್ತಿತ್ತು. ಕಮಿಟಿಯವರು ಚಪ್ಪಾಳೆ ತಟ್ಟಿದರು. ಸೆಕ್ರೆಟರಿ ದಾದಾ, ಪಕ್ಕದ ಪಾಡಾದವರ ಮುಖ ನೋಡಬೇಕು ಇನ್ನು, ಅಂತ ಕೈ ಉಜ್ಜಿಕೊಂಡರು. ಅಮ್ಮ ಅವತ್ತು ಬರಲಿಲ್ಲ. ಮನೆಯಲ್ಲಿ ಗೊಂಬೆ ಇಡುವ ಕೆಲಸ ಹಚ್ಚಿಕೊಂಡಿದ್ದಳು, ಆಮೇಲೆ ನೋಡಿದರಾಯಿತು ಅಂದಳು.

ಈಗ ನೀವು ಕೇಳಬಹುದು, ಪ್ಯಾಂಡಲ್ ನೋಡಲು ಜನ ಬರುವುದು ರಾತ್ರಿಯಲ್ಲವೇ ಅಂತ. ಚಾಚಾ ಅದನ್ನೂ ಯೋಚಿಸಿದ್ದರು. ಬೀದಿಯ ಆಚೆ ಬದಿಗೆ ನವಿಲು, ರಾಕೆಟ್ಟು, ಓಡುವ ಕುದುರೆಯ ದೊಡ್ಡ ದೊಡ್ಡ ದೀಪದ ಬೋರ್ಡುಗಳನ್ನು ನಿಲ್ಲಿಸುತ್ತಾರಲ್ಲ, ಆ ದೀಪಗಳೇ ಸಾಕು ಅಂದುಕೊಂಡಿದ್ದರು. ದೀಪದ ಬೋರ್ಡು ಬಂದ ದಿನ ಸಂಜೆಯ ನಮಾಜು ಮುಗಿಸಿ ಒಬ್ಬರೇ ಹೋಗಿ ಕೋಣೆಯಲ್ಲಿ ಕೂತು ನೋಡಿಯೂ ಬಂದಿದ್ದರು. ಕಂಡಿತಂತೆ, ನವಿಲು ತಲೆಕೆಳಗಾಗಿ ಗರಿ ಬಿಚ್ಚಿತಂತೆ. ಅವರು ತಪ್ಪಿದ್ದು ಒಂದೇ ಕಡೆ. ಇಡೀ ಜೀವಮಾನ ಕತ್ತಲಲ್ಲಿ ಸಿಗ್ನಲ್ ಕಾದ ಮನುಷ್ಯ, ಎಷ್ಟು ಹೊತ್ತು ಕೂತ ಮೇಲೆ ಕಂಡಿತು ಅನ್ನುವುದು ಅವರ ಗಮನಕ್ಕೇ ಬರಲಿಲ್ಲ.

ಪೂಜೆ ಶುರುವಾಗುವ ಷಷ್ಠಿಯ ಸಂಜೆ ಜನ ಬಂದರು ನೋಡಿ. ಸಿಡಿಗಳ ಮೇಲೆ ದೊಡ್ಡ ದೀಪ ಬಿಟ್ಟಿದ್ದರು, ಇಡೀ ಪ್ಯಾಂಡಲ್ ಮೀನಿನ ಮೈಯ ಹಾಗೆ ಮಿಂಚುತ್ತಿತ್ತು. ಆ ಮಿಂಚನ್ನು ಕಣ್ತುಂಬ ತುಂಬಿಕೊಂಡು ಬಂದವರನ್ನು ನಮ್ಮ ಕತ್ತಲೆಕೋಣೆ ನುಂಗುತ್ತಿತ್ತು. ವಾಲಂಟಿಯರುಗಳು ಸೀಟಿ ಊದುತ್ತಾ ಮುಂದೆ ನಡೀರಿ ಮುಂದೆ ನಡೀರಿ ಅಂತ ತಳ್ಳುತ್ತಿದ್ದರು. ಜನ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಆ ಕಡೆ ಹೊರಬೀಳುತ್ತಿದ್ದರು. ಒಳಗೆ ಏನಿದೆ ಅಂತ ಸಾಲಿನಲ್ಲಿದ್ದವರು ಕೇಳಿದರೆ, ಖಾಲಿ ಕೋಣೆ, ಲೈಟು ಕೆಟ್ಟಿದೆ ಅನ್ನುವುದು. ಬಾಗಿಲ ಬೋರ್ಡಿನ ಮುಂದೆ ಚಾಚಾ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ನಿಂತಿದ್ದರು. ಸ್ವಲ್ಪ ನಿಲ್ಲಿ, ಕಣ್ಣು ಪಳಗಲಿ ಅಂತ ಬಂಗಾಳಿಯಲ್ಲಿ ಹೇಳುತ್ತಲೇ ಇದ್ದರು. ಒಬ್ಬಾತ ಅವರನ್ನು ಕರೆಂಟಿನವನು ಅಂದುಕೊಂಡು, ಫ್ಯೂಸ್ ಹಾಕಪ್ಪ ಬೇಗ ಅಂದುಬಿಟ್ಟ.

ಸಪ್ತಮಿಯ ದಿನ ಲೋಕಲ್ ಕೇಬಲ್ ಚಾನೆಲ್ಲಿನವರು ಬಂದರು. ಚಾಚಾ ಅವರನ್ನು ಒಳಗೆ ಕರೆದುಕೊಂಡು ಹೋಗಿ, ಜನರನ್ನು ತಡೆದು ನಿಲ್ಲಿಸಿ, ಕಾದು, ಇನ್ನೇನು ನವಿಲು ಮೂಡುತ್ತಿದೆ ಅನ್ನುವಾಗ ಕ್ಯಾಮೆರಾದವನು ತನ್ನ ದೀಪ ಹಾಕಿದ. ಹಾಕದೆ ಅವನಿಗೆ ಚಿತ್ರ ಬರುವುದಿಲ್ಲ. ಹಾಕಿದರೆ ಅಲ್ಲಿ ಬರೀ ಬಿಳಿ ಬಟ್ಟೆ. ಇವರು ಆರಿಸಿ ಅನ್ನುವುದು, ಅವನು ಆರಿಸಿದರೆ ಏನು ತೆಗೆಯಲಿ ಅನ್ನುವುದು. ಕೊನೆಗೆ ಹೊರಗೆ ಹೋಗಿ ಸಿಡಿಗಳ ಚಿತ್ರ ತೆಗೆದುಕೊಂಡು ಹೊರಟುಹೋದರು. ಟಿವಿಯಲ್ಲಿ ನಮ್ಮ ಪ್ಯಾಂಡಲ್ ಬಂತು. ಬಸ್ರಾ ಸಾಹೇಬ ಬರಲಿಲ್ಲ.

ಸೆಕ್ರೆಟರಿ ದಾದಾ ಅವತ್ತು ಚಾಚಾನ ಮುಖ ನೋಡದೆಯೇ ಹೇಳಿದರು. ಬಹುಮಾನಕ್ಕೆ ನೋಡುವವರು ನವಮಿಯ ಸಂಜೆ ಬರುತ್ತಾರೆ. ಅಷ್ಟರೊಳಗೆ ಕಪ್ಪು ಬಟ್ಟೆ ಬಿಚ್ಚಿ, ಅಲ್ಲೂ ಸಿಡಿ ಹೊಡೆಸುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಚಾಚಾ, ಪರವಾಗಿಲ್ಲ, ಪೂಜೆ ನಿಮ್ಮದು ಅಂದರಂತೆ. ಚಾಚಿ ಇದನ್ನು ಬಂದು ಹೇಳಿದಾಗ ಅಮ್ಮನಿಗೆ ಚುಚ್ಚಿದ್ದು ಆ ಒಂದು ಮಾತು. "ನಿಮ್ಮದು ಅಂದ್ರಾ? ನಮ್ಮದು ಅಂತಿದ್ದೋರು ನಿಮ್ಮದು ಅಂದ್ರಾ?" ಅಂತ ಎರಡು ಸಲ ಕೇಳಿದಳು.

ಅಷ್ಟಮಿಯ ಬೆಳಿಗ್ಗೆ ಅಮ್ಮ ನನ್ನನ್ನು ಎಳೆದುಕೊಂಡು ಎದುರುಮನೆಗೆ ಹೋದಳು. ಚಾಚಾ ಟೀ ಆರಲು ಬಿಟ್ಟು ಕೂತಿದ್ದರು. ಅಮ್ಮ ಪೀಠಿಕೆ ಹಾಕದೆ, ನಿಮ್ಮ ಆ ಬಸ್ರಾದವರು ಕತ್ತಲೆಕೋಣೆಯಲ್ಲಿ ಏನು ಇಟ್ಟು ನೋಡಿದರು, ಅವರ ಕಾಲದಲ್ಲಿ ಕರೆಂಟಿನ ನವಿಲು ಇತ್ತಾ ಅಂತ ಕೇಳಿದಳು. ಚಾಚಾ ಬೇಸರದಲ್ಲೇ ಹೇಳಿದರು. ಹೊರಗೆ ಸಾಲಾಗಿ ದೀಪ ಇಟ್ಟು ನೋಡಿದ. ಎಷ್ಟು ದೀಪವೋ ಅಷ್ಟು ಬೆಳಕಿನ ಬೊಟ್ಟು ಒಳಗೆ ಬಿತ್ತು. ಒಂದು ದೀಪಕ್ಕೆ ಮರೆ ಹಿಡಿದರೆ ಒಳಗೆ ಅದೊಂದೇ ಬೊಟ್ಟು ಹೋಯಿತು, ಮರೆ ತೆಗೆದರೆ ಮತ್ತೆ ಬಂತು. ಬೆಳಕು ನೆಟ್ಟಗೆ ಬರುತ್ತದೆ, ಒಂದಕ್ಕೊಂದು ಬೆರೆತು ಕಲಸಿಹೋಗುವುದಿಲ್ಲ ಅಂತ ಅವನಿಗೆ ಗೊತ್ತಾದದ್ದು ಹಾಗೆ.

ಸಾಹೇಬ್ರೇ, ಇವತ್ತು ಸಂಧಿಪೂಜೆ ಅಂದಳು ಅಮ್ಮ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಷ್ಟಮಿ ಮುಗಿದು ನವಮಿ ಹುಟ್ಟುವ ಹೊತ್ತಿಗೆ ಬಂಗಾಳದಲ್ಲಿ ದೇವಿಯ ಮುಂದೆ ನೂರೆಂಟು ದೀಪ ಹಚ್ಚುತ್ತಾರೆ. ಹಚ್ಚುವವರು ಪಾಡಾದ ಹೆಂಗಸರು. ಪ್ಯಾಂಡಲ್ ಕಮಿಟಿಯದಾದರೂ ಆ ದೀಪ ಹೆಂಗಸರದು, ಅಲ್ಲಿ ಯಾವ ಸೆಕ್ರೆಟರಿಯ ಮಾತೂ ನಡೆಯುವುದಿಲ್ಲ. ಆ ವರ್ಷ ಸಂಧಿಯ ಹೊತ್ತು ಮುಸ್ಸಂಜೆಗೇ ಬಿದ್ದಿತ್ತು. ಅಮ್ಮ ವರ್ಷವರ್ಷವೂ ಆ ಹೆಂಗಸರ ಜೊತೆ ಕೂತು ಬತ್ತಿ ಹೊಸೆದವಳು.

ಚಾಚಾ ಎದ್ದು ನಿಂತರು. ಆಮೇಲೆ ಮತ್ತೆ ಕೂತರು. ದೀಪ ಇಡುವುದು ನೆಲದ ಮೇಲೆ, ಹಿತ್ತಾಳೆ ತಟ್ಟೆಗಳಲ್ಲಿ. ಮುಂದಿನ ಸಾಲು ಹಿಂದಿನ ಸಾಲಿಗೆ ಅಡ್ಡ. ತೂತಿಗೆ ಎಲ್ಲ ದೀಪಗಳೂ ಕಾಣಬೇಕಾದರೆ ಒಂದರ ಮೇಲೊಂದು, ಮೆಟ್ಟಿಲು ಮೆಟ್ಟಿಲಾಗಿ ಇರಬೇಕು. ಇವತ್ತಿನ ದಿನ ಬಡಗಿ ಎಲ್ಲಿ ಸಿಗುತ್ತಾನೆ?

ಅಮ್ಮ ನೇರ ಮನೆಗೆ ಬಂದಳು. ಹಾಲಿನ ಮೂಲೆಯಲ್ಲಿ ಅವಳ ಗೊಂಬೆಯ ಮೆಟ್ಟಿಲಿತ್ತು. ಅಜ್ಜಿ ಮೈಸೂರಿನಿಂದ ರೈಲಿನಲ್ಲಿ ಕಳಿಸಿದ ಹಲಗೆಗಳು, ಮೇಲೆ ಬಿಳಿ ಪಂಚೆ, ಪಟ್ಟದ ಗೊಂಬೆಯಿಂದ ಹಿಡಿದು ಶೆಟ್ಟಿ ದಂಪತಿಯ ತನಕ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ. ದಶಮಿಯ ರಾತ್ರಿ ಆರತಿ ಮಾಡಿ ಒಂದು ಗೊಂಬೆಯನ್ನು ಮಲಗಿಸಿದ ಮೇಲೇ ಮೆಟ್ಟಿಲು ಮುಟ್ಟುವ ಪದ್ಧತಿ. ಅದಕ್ಕೆ ಮುಂಚೆ ನಾನು ಧೂಳು ಒರೆಸಲು ಕೈ ಹಾಕಿದರೂ ಬೈಸಿಕೊಳ್ಳುತ್ತಿದ್ದೆ. ಅಮ್ಮ ಅದರ ಮುಂದೆ ಸೆರಗು ಸರಿಮಾಡಿಕೊಂಡು ನಿಂತು, ಪಟ್ಟದ ಗೊಂಬೆಗಳಿಗೆ ನೆಂಟರಿಗೆ ಹೇಳುವ ಹಾಗೆ ಹೇಳಿದಳು: "ಎರಡು ದಿನ ಕೆಳಗೆ ಕೂತ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ."

ರಾಜ ರಾಣಿಯರು ಚಾಪೆಗೆ ಇಳಿದರು. ಚಾಚಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಲಗೆಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋದವರು ಅವರೇ.

ಅಮ್ಮ ಹೆಂಗಸರಿಗೆ ಏನು ಹೇಳಿದಳೋ, ಅವಳ ಬಂಗಾಳಿಯಲ್ಲಿ ಕ್ರಿಯಾಪದಗಳೆಲ್ಲ ಮೈಸೂರಿನವು. ಒಪ್ಪಿಸಿದ್ದಂತೂ ಹೌದು. ಹೊರಗಿನ ಲೈಟೆಲ್ಲ ಆರಿಸಬೇಕು ಅನ್ನುವ ಮಾತಿಗೆ ಸೆಕ್ರೆಟರಿ ದಾದಾ ತಲೆಯ ಮೇಲೆ ಕೈ ಹೊತ್ತುಕೊಂಡರು. ಅಷ್ಟಮಿಯ ಸಂಜೆ ಲೈಟು ಆರಿಸಿದ ಪ್ಯಾಂಡಲ್ ಈ ಊರಲ್ಲೇ ಇಲ್ಲ ಅತ್ತಿಗೆ, ಜನ ಪಕ್ಕದ ಪಾಡಾಕ್ಕೆ ಓಡುತ್ತಾರೆ ಅಂದರು. ಹೆಂಗಸರಲ್ಲಿ ಹಿರಿಯಳಾದವಳು, ಓಡುವವರು ಓಡಲಿ, ದೀಪ ಹಚ್ಚಿ ಆರತಿ ಮುಗಿಯುವ ತನಕ ಮಾತ್ರ ಆರಿಸು ಅಂದಳು. ಅಲ್ಲಿಗೆ ಮುಗಿಯಿತು.

ಚಾಚಾ ಬೀದಿ ಕಡೆಯ ತೂತಿಗೆ ರಟ್ಟು ಅಂಟಿಸಿ ಮುಚ್ಚಿದರು. ದೇವಿಯ ಕಡೆಯ ಕಪ್ಪು ಬಟ್ಟೆಗೆ ಅಮ್ಮನ ಕತ್ತರಿಯಿಂದ ರೂಪಾಯಿ ನಾಣ್ಯದಗಲ ಹೊಸ ತೂತು ಕತ್ತರಿಸಿದರು. ಬಿಳಿ ಬಟ್ಟೆ ಆ ಗೋಡೆಯಿಂದ ಈ ಗೋಡೆಗೆ ಬಂತು. ಜಮಖಾನ ಹಾಸಿದರು, ಈ ಸಲ ಯಾರೂ ಹಾದುಹೋಗುವಂತಿಲ್ಲ, ಕೂರಬೇಕು.

ಕತ್ತಲಾಗುವ ಹೊತ್ತಿಗೆ ಹಿಡಿಸುವಷ್ಟು ಜನ ಒಳಗೆ ಕೂತಿದ್ದೆವು. ಹೊರಗೆ ಢಾಕ್ ಶುರುವಾಯಿತು, ಆ ದೊಡ್ಡ ಡೋಲಿನ ಸದ್ದು ನೆಲದಿಂದ ತೊಡೆಗೆ ಬರುತ್ತಿತ್ತು. ಒಂದೊಂದೇ ಲೈಟು ಆರಿತು. ಯಾರೋ ಕೆಮ್ಮಿದರು. ಯಾರದೋ ಮೊಬೈಲು ನೀಲಿಯಾಗಿ ಬೆಳಗಿತು, ಪಕ್ಕದವರು ಗದರಿ ಆರಿಸಿದರು. ನನ್ನ ಬಲಕ್ಕೆ ಚಾಚಾ, ಅವರ ಉಸಿರು ನನಗೆ ಕೇಳಿಸುತ್ತಿತ್ತು. ಬಟ್ಟೆಯ ಮೇಲೆ ಏನೂ ಇರಲಿಲ್ಲ. ಇನ್ನೂ ಏನೂ ಇರಲಿಲ್ಲ.

ಆಮೇಲೆ ಮೇಲ್ಗಡೆ ಒಂದು ಬೊಟ್ಟು. ಸಾಸಿವೆಯಷ್ಟು ಮಸುಕಾದ ಹಳದಿ. ನನ್ನ ಕಣ್ಣಿನ ಭ್ರಮೆಯೋ ಅಂದುಕೊಳ್ಳುವಾಗ ಪಕ್ಕದಲ್ಲಿ ಇನ್ನೊಂದು. ಹೊರಗೆ ಅಮ್ಮ ಮತ್ತು ಆ ಹೆಂಗಸರು ಕೆಳಗಿನ ಮೆಟ್ಟಿಲಿನಿಂದ ಹಚ್ಚುತ್ತಾ ಬರುತ್ತಿದ್ದರು, ಒಳಗೆ ಮೇಲಿನ ಸಾಲಿನಿಂದ ಕೆಳಕ್ಕೆ ಬೆಳಕು ಇಳಿಯುತ್ತಿತ್ತು. ಯಾರೋ ಹೆಂಗಸು ದೀಪಗಳ ಮುಂದೆ ಬಗ್ಗಿದಾಗ ಒಂದು ಗೊಂಚಲು ಮಾಯವಾಗಿ, ಅವಳು ಎದ್ದಾಗ ಮತ್ತೆ ಅದೇ ಜಾಗದಲ್ಲಿ ಹುಟ್ಟಿತು. ಆ ಬಟ್ಟೆಯ ಬೆಳಕಿನಲ್ಲೇ ಅಕ್ಕಪಕ್ಕ ಕೂತವರ ಮುಖಗಳು ಕಾಣಲು ಶುರುವಾದವು, ಎಲ್ಲರ ಬಾಯಿಯೂ ಸ್ವಲ್ಪ ತೆರೆದಿತ್ತು.

ಯಾರೋ ಮುದುಕರು ಮೆಲ್ಲಗೆ ಬಂಗಾಳಿಯಲ್ಲಿ, ಇದನ್ನು ಕಂಡುಹಿಡಿದವರು ಯಾರು ಅಂತ ಕೇಳಿದರು.

ಚಾಚಾ ಅವರ ಕಡೆ ತಿರುಗಿ ಕೂತು, ಬಸ್ರಾ ಅಂತ ಒಂದು ಊರಿದೆ ಅಂತ ಶುರುಮಾಡಿದರು. ಜಂಬದ ಕಥೆ, ದೊರೆಯ ಕಥೆ, ಹುಚ್ಚಿನ ಕಥೆ, ದೀಪದ ಕಥೆ, ಎಲ್ಲ ಹೇಳಿದರು, ಸಾವಕಾಶವಾಗಿ, ಮೊಮ್ಮಕ್ಕಳಿಗೆ ಹೇಳುವ ಹಾಗೆ. ಯಾರೂ ಎದ್ದು ಹೋಗಲಿಲ್ಲ. ಆರತಿ ಮುಗಿದು ಲೈಟು ಬಂದ ಮೇಲೂ, ಬಟ್ಟೆ ಬರೀ ಬಟ್ಟೆಯಾದ ಮೇಲೂ, ಕಥೆ ಮುಗಿಯುವ ತನಕ ಕೂತೇ ಇದ್ದರು. ಬಾಗಿಲ ಹತ್ತಿರ ಸೆಕ್ರೆಟರಿ ದಾದಾ ನಿಂತಿದ್ದರು. ಅವರು ಯಾವಾಗ ಒಳಗೆ ಬಂದರೋ ನನಗೆ ಗೊತ್ತಾಗಲಿಲ್ಲ. ಕಪ್ಪು ಬಟ್ಟೆ ಬಿಚ್ಚುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಮ್ಮ ಪಾಡಾಕ್ಕೆ ಬಹುಮಾನವೂ ಬರಲಿಲ್ಲ.

ಮನೆಗೆ ಬಂದಾಗ ಅಮ್ಮ ಕೈಯ ಎಣ್ಣೆ ತೊಳೆದುಕೊಳ್ಳುತ್ತಾ, ಹೇಗಿತ್ತೇ ಅಂತ ಕೇಳಿದಳು. ಹೇಳಲು ಹೋದೆ, ನನ್ನಲ್ಲಿದ್ದ ಎರಡೂ ಕನ್ನಡ ಸಾಲಲಿಲ್ಲ. ಆಗ ಹೊಳೆಯಿತು, ಅಮ್ಮ ಹಗಲಿನ ಬೀದಿಯನ್ನೂ ನೋಡಿರಲಿಲ್ಲ, ದೀಪಗಳನ್ನೂ ನೋಡಿರಲಿಲ್ಲ. ಎರಡು ಸಲವೂ ಹೊರಗೇ ಇದ್ದಳು. ಮರುದಿನ ಚಾಚಾನಿಗೆ ಹೇಳಿದೆ. ಅವರು, ಹೌದಲ್ಲವಾ, ಅಂದರು, ಅಷ್ಟೇ.

ದೀಪಾವಳಿಯ ಸಂಜೆ ಚಾಚಾ ಕಪ್ಪು ಬಟ್ಟೆಯ ಗಂಟು ಹೊತ್ತುಕೊಂಡು ನಮ್ಮ ಮನೆಗೆ ಬಂದರು. ನಡುಮನೆಯ ಕಿಟಕಿ ಬಾಗಿಲಿಗೆಲ್ಲ ಬಟ್ಟೆ ಬಿಗಿದರು, ತೂತಿದ್ದ ತುಂಡನ್ನು ವರಾಂಡದ ಕಿಟಕಿಗೆ; ಎದುರು ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ವರಾಂಡದಲ್ಲಿ ಗೊಂಬೆಯ ಹಲಗೆ ಜೋಡಿಸಿದರು. ಅಮ್ಮನನ್ನು ಒಳಗೆ ಕುರ್ಚಿಯ ಮೇಲೆ ಕೂರಿಸಿ ಬಾಗಿಲು ಹಾಕಿ, ಅವರು, ಚಾಚಿ, ನಾನು ಹೊರಗೆ ಕೂತು ಮೆಟ್ಟಿಲಿನ ಮೇಲೆ ಹಣತೆ ಹಚ್ಚಿದೆವು. ಕಂಡಿತೇನ್ರಿ ಅಕ್ಕಾರ ಅಂತ ಚಾಚಾ ಬಾಗಿಲಿಗೆ ಬಾಯಿಟ್ಟು ಕೇಳಿದರು. ಸ್ವಲ್ಪ ಇರಿ ಸಾಹೇಬ್ರೇ, ಅಂದಳು ಅಮ್ಮ. ಆಮೇಲೆ ಬಹಳ ಹೊತ್ತು ಹೊರಗೆ ಬರಲಿಲ್ಲ. ಎಣ್ಣೆ ಕಡಿಮೆಯಾದ ಹಣತೆಗಳಿಗೆ ಚಾಚಾ ಮತ್ತೆ ಎಣ್ಣೆ ಹಾಕಿದರು.